ಎರಡು ಗುಂಡಿ, ಒಂದು ನಿಮಿಷದ ಮೌನ

"ಹಿಂದೆ ಹೋಗ್ರೀ. ಇನ್ನೂ ಹಿಂದೆ. ಹಾಂ, ಅಲ್ಲೇ ನಿಲ್ಸಿ."

ನಿರ್ದೇಶಕ ನಿಲ್ಲಿಸಿದ. ಅದಕ್ಕೂ ಮುಂಚೆ ಎಲ್ಲರಿಗೂ ಕೇಳುವ ಹಾಗೆ ಒಂದು ನಿಟ್ಟುಸಿರು ಬಿಟ್ಟ. ಸಂಜೆ ಆರೂವರೆಗೆ ಅವನ ಸಾಕ್ಷ್ಯಚಿತ್ರದ ಮೊದಲ ಸಾರ್ವಜನಿಕ ಪ್ರದರ್ಶನ. ಈಗ ಮೂರು ಗಂಟೆ. ಇಂಥ ಹೊತ್ತಿನಲ್ಲಿ ಸಂಕಲನದ ಕೋಣೆಗೆ ನುಗ್ಗಿ ಕುರ್ಚಿ ಎಳೆದುಕೊಂಡು ಕೂತ ಈ ಮುದಿ ಪತ್ತೇದಾರನನ್ನು ಕತ್ತು ಹಿಡಿದು ಆಚೆಗೆ ದಬ್ಬಬೇಕು ಎನ್ನುವುದು ಅವನ ಮುಖದಲ್ಲೇ ಬರೆದಿತ್ತು. ಆದರೆ ಪತ್ತೇದಾರನ ಜೊತೆ, ಅವನನ್ನು ಗೊತ್ತುಮಾಡಿದ್ದ ಸತ್ತವನ ಅಕ್ಕ ಬಂದಿದ್ದಳು. ಅಕ್ಕನನ್ನು ದಬ್ಬಿದರೆ ನಾಳೆ ಪತ್ರಿಕೆಗಳಲ್ಲಿ ಚಿತ್ರದ ಬದಲು ಅದೇ ಬರುತ್ತದೆ.

ಪರದೆಯ ಮೇಲೆ ಮೊಂಡ ನಿಂತಿದ್ದ. ತಂದೆ ತಾಯಿ ಇಟ್ಟ ಹೆಸರು ಬೇರೆ ಇತ್ತು, ಅದು ಯಾರಿಗೂ ಬೇಕಿರಲಿಲ್ಲ. ಪಂಜರದೊಳಗೆ ಇಬ್ಬರನ್ನು ಬಿಟ್ಟು, ಗುದ್ದು, ಒದೆ, ಕುಸ್ತಿ ಎಲ್ಲಕ್ಕೂ ಅವಕಾಶ ಕೊಡುವ ಆ ಕಾಳಗವನ್ನು ದುಡ್ಡು ಕೊಟ್ಟು ನೋಡುವ ಜನ ಪ್ರೀತಿಯಿಂದ ಇಟ್ಟ ಹೆಸರು ಇದು. ಎದುರಾಳಿ ಕತ್ತು ಅಮುಕಿದಾಗ, ತೋಳು ತಿರುಚಿದಾಗ 'ಸೋತೆ, ಬಿಡು' ಎನ್ನಲು ಅಂಗೈಯಿಂದ ಮೂರು ಸಲ ತಟ್ಟುವುದು ಆ ಆಟದ ರೀತಿ. ತಟ್ಟಿದ ತಕ್ಷಣ ಬಿಡಲೇಬೇಕು. ಹದಿನಾಲ್ಕು ಕಾಳಗಗಳಲ್ಲಿ ಮೊಂಡ ಎರಡು ಸಲ ಪ್ರಜ್ಞೆ ತಪ್ಪಿದ್ದ, ಒಂದು ಸಲ ಮೊಣಕೈ ಕೀಲು ತಪ್ಪಿಸಿಕೊಂಡಿದ್ದ, ಒಮ್ಮೆಯೂ ತಟ್ಟಿರಲಿಲ್ಲ. ನಿರ್ದೇಶಕ ತನ್ನ ಚಿತ್ರಕ್ಕೆ 'ತಟ್ಟದ ಕೈ' ಎಂದು ಹೆಸರಿಟ್ಟಿದ್ದ.

ಹದಿನೈದನೆಯ ಕಾಳಗಕ್ಕೆ ನಿಗದಿಯಾದ ತೂಕಕ್ಕೆ ಇಳಿಯಲು ಬಿಸಿ ಹಬೆಯಲ್ಲಿ ಬೆವರು ಸುರಿಸಲು ಹೋಗಿ, ವಸತಿಗೃಹದ ಬಚ್ಚಲಲ್ಲಿ, ಬಿಸಿನೀರಿನ ತೊಟ್ಟಿಯ ಪಕ್ಕದಲ್ಲಿ ಮೊಂಡ ಸತ್ತು ಇವತ್ತಿಗೆ ಹದಿಮೂರು ದಿನ. ಅವನಿಗೆ ತರಬೇತಿ ಕೊಡುತ್ತಿದ್ದ ಭಾವ, ಅಂದರೆ ಈ ಅಕ್ಕನ ಗಂಡ, ಲಾಕಪ್ಪಿನಲ್ಲಿದ್ದ. ಅವನನ್ನು ಒಳಗೆ ಹಾಕಿಸಿದ್ದು ಈಗ ಪರದೆಯ ಮೇಲಿದ್ದ ನಲವತ್ತು ಸೆಕೆಂಡಿನ ಈ ತುಣುಕು.

"ಇನ್ನೊಂದ್ಸಲ ಓಡಿಸಿ," ಎಂದ ಪತ್ತೇದಾರ.

ಮೊಂಡ ಬಚ್ಚಲ ಬಾಗಿಲಲ್ಲಿ ಚೌಕಟ್ಟು ಹಿಡಿದು ನಿಂತು, "ಸಾಕು ಭಾವ, ಆಗ್ತಿಲ್ಲ," ಎನ್ನುತ್ತಾನೆ. "ಇನ್ನೂ ಒಂದು ಕೆಜಿ ಇದೆ ಕಣೋ. ಹತ್ತು ನಿಮಿಷ. ಹೊರಗೆ ಬಂದ್ರೆ ಕಾಲು ಮುರೀತೀನಿ," ಎಂದು ಭಾವ ಬಾಗಿಲು ಎಳೆಯುತ್ತಾನೆ. ಕೆಳಗೆ ಬಿಳಿ ಅಕ್ಷರದಲ್ಲಿ 'ಶುಕ್ರವಾರ, ಬೆಳಿಗ್ಗೆ 10.40' ಎಂದು ಮೂಡುತ್ತದೆ. ಆಮೇಲೆ ಪಿಯಾನೊ.

ಪಿಯಾನೊ ಬರುತ್ತದೆ ಎಂದು ಪತ್ತೇದಾರನಿಗೆ ಗೊತ್ತಿತ್ತು. ಈ ಮೊಕದ್ದಮೆ ಹಿಡಿದ ಮೇಲೆ ಪಂಜರದ ಕಾಳಗದ ಬಗ್ಗೆ ಜಗತ್ತಿನಲ್ಲಿ ಬಂದಿದ್ದ ಹನ್ನೊಂದು ಸಾಕ್ಷ್ಯಚಿತ್ರಗಳನ್ನು ನಾಲ್ಕು ದಿನ ಕೂತು ನೋಡಿದ್ದ. ಹನ್ನೊಂದರಲ್ಲೂ ಒಬ್ಬ ಮುಂಜಾನೆ ಖಾಲಿ ರಸ್ತೆಯಲ್ಲಿ ಓಡುತ್ತಾನೆ. ಹನ್ನೊಂದರಲ್ಲೂ ಒಂದು ಹನಿ ಬೆವರು ನಿಧಾನವಾಗಿ, ಬಹಳ ನಿಧಾನವಾಗಿ, ಮೂಗಿನ ತುದಿಯಿಂದ ಬೀಳುತ್ತದೆ. ಅಮ್ಮ ಅಳುತ್ತಾಳೆ, ಕ್ಯಾಮೆರಾ ಅವಳ ಕಣ್ಣಿನೊಳಕ್ಕೇ ಇಳಿಯುತ್ತದೆ. 'ಅವನು ಹೋರಾಡುತ್ತಿದ್ದುದು ತನ್ನೊಂದಿಗೇ' ಎಂದು ಗಡಸು ದನಿಯವನೊಬ್ಬ ಹೇಳುತ್ತಾನೆ. ಹೊಡೆದಾಡುವವರ ಮೇಲೆ ಪತ್ತೇದಾರನಿಗೆ ಅಂಥ ಗೌರವವೇನೂ ಇರಲಿಲ್ಲ. ಆದರೆ ಅವರು ಹೊಡೆತವನ್ನಾದರೂ ನಿಜವಾಗಿ ತಿನ್ನುತ್ತಿದ್ದರು. ಆ ಹೊಡೆತಕ್ಕೆ ಪಿಯಾನೊ ಹಚ್ಚಿ ಪ್ರಶಸ್ತಿ ಹೊಡೆಯುವವರನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು.

ಇಪ್ಪತ್ತೆಂಟು ವರ್ಷ ವಿಮಾ ಕಂಪನಿಯೊಂದರಲ್ಲಿ ಸಾವಿನ ಅರ್ಜಿಗಳನ್ನು ತನಿಖೆ ಮಾಡಿದ ಮನುಷ್ಯ ಅವನು. ಸತ್ತವರ ಬಗ್ಗೆ ಬದುಕಿರುವವರು ಹೇಳುವ ಸುಳ್ಳು ಕೇಳಿ ಕೇಳಿ ಯಾರನ್ನೂ ನಂಬದ ಕಾಯಿಲೆ ಅಂಟಿಸಿಕೊಂಡಿದ್ದ. ಈ ಮೊಕದ್ದಮೆಯಲ್ಲಿ ಅವನಿಗೆ ಅಸಹ್ಯ ಹುಟ್ಟಿಸದೆ ಇದ್ದವಳು ಅಕ್ಕ ಒಬ್ಬಳೇ. ತಮ್ಮ ಸತ್ತ, ಗಂಡ ಜೈಲು ಸೇರುವ ಹಾಗಿದ್ದಾನೆ. ಆದರೂ ಎದೆ ಬಡಿದುಕೊಳ್ಳದೆ ಆಸ್ಪತ್ರೆಯ ಕೆಲಸಕ್ಕೆ ಹೋಗಿ ಬರುತ್ತಿದ್ದಳು. ಈಗಲೂ ನೇರ ವಾರ್ಡಿನಿಂದ ಬಂದಿದ್ದಳು, ಬಿಳಿ ಸಮವಸ್ತ್ರದಲ್ಲೇ. ರೋಗಿಯ ನಾಡಿ ಎಣಿಸಲು ನರ್ಸುಗಳು ಎದೆಗೆ ತಲೆಕೆಳಗಾಗಿ ಚುಚ್ಚಿಕೊಳ್ಳುವ ಚಿಕ್ಕ ಗಡಿಯಾರ ಅಲ್ಲೇ ತೂಗುತ್ತಿತ್ತು. ಕೀಲಿ ಕೊಟ್ಟು ನಡೆಸುವ ಹಳೇ ಕಾಲದ್ದು. ಒಳಗೆ ಬಂದಾಗಿನಿಂದ ಅವಳು ನಿರ್ದೇಶಕನ ಕಡೆ ಕಣ್ಣೆತ್ತಿಯೂ ನೋಡಿರಲಿಲ್ಲ. ಅದೂ ಪತ್ತೇದಾರನಿಗೆ ಮೆಚ್ಚುಗೆಯಾಗಿತ್ತು.

"ಎಡಗಿವಿ ದೊಡ್ಡದು ಮಾಡಿ," ಎಂದ ಅವನು.

"ಕಿವೀನಾ?" ನಿರ್ದೇಶಕ ನಕ್ಕ. "ಸರ್, ಇಡೀ ಫ್ರೇಮಲ್ಲಿ ನೋವು ತುಂಬಿದೆ. ಆ ಕಣ್ಣು ನೋಡಿ. ನೀವು ಕಿವಿ ನೋಡ್ತೀನಿ ಅಂತೀರಲ್ಲ?"

"ಕಣ್ಣು ನೀವು ನೋಡಿದ್ದೀರಲ್ಲ, ಸಾಕು. ನನಗೆ ಕಿವಿ ಕೊಡಿ."

ಕಿವಿ ಪರದೆ ತುಂಬಿತು. ನೆಲಕ್ಕೆ ಉಜ್ಜಿಸಿಕೊಂಡು, ತಲೆಗೆ ತಲೆ ಡಿಕ್ಕಿ ಹೊಡೆಸಿಕೊಂಡು ಮಡಿಕೆ ಮಡಿಕೆಯಾಗಿ ಊದಿದ ಕಿವಿ. ಅದರ ಮೇಲೆ ಬೆವರು ಬಿಟ್ಟರೆ ಬೇರೇನೂ ಇರಲಿಲ್ಲ.

"ಗುಂಡಿ ಎಲ್ಲಿ?" ಎಂದು ಕೇಳಿದ ಪತ್ತೇದಾರ.

"ಯಾವ ಗುಂಡಿ?"

ಪತ್ತೇದಾರ ಅಕ್ಕನ ಕಡೆ ತಿರುಗಿದ. "ಹೇಳಮ್ಮಾ."

"ಗುರುವಾರ ರಾತ್ರಿ ಅವನ ಕಿವಿ ಮತ್ತೆ ಊದ್ಕೊಂಡಿತ್ತು," ಎಂದಳು ಅಕ್ಕ, ಕೇಸಿನ ಕಾಗದ ಓದುವವಳ ಹಾಗೆ. "ಸಿರಿಂಜಿನಲ್ಲಿ ನೀರು ತೆಗೆದೆ. ಮತ್ತೆ ತುಂಬ್ಕೋಬಾರ್ದು ಅಂದ್ರೆ ಎರಡೂ ಕಡೆ ಒತ್ತಿ ಹಿಡಿಯೋಕೆ ಏನಾದ್ರೂ ಬೇಕು. ನಮ್ಮನೆಯವರ ಹಳೇ ಶರ್ಟಿನ ಎರಡು ಗುಂಡಿ ಕುದಿಸಿ, ಮುಂದೊಂದು ಹಿಂದೊಂದು ಇಟ್ಟು ಹೊಲಿದೆ. ಚಿಕ್ಕಂದಿನಿಂದ ಹಾಗೇ ಮಾಡ್ತಿದ್ದೆ. ಐದು ದಿನ ಬಿಚ್ಚೋ ಹಾಗಿಲ್ಲ."

ಪತ್ತೇದಾರ ಚೀಲದಿಂದ ಮರಣೋತ್ತರ ಪರೀಕ್ಷೆಯ ವರದಿ ತೆಗೆದು, ಬೆರಳಿಟ್ಟು ಓದಿದ. "'ಎಡಗಿವಿಗೆ ಹೊಲಿಗೆ ಹಾಕಿದ ನೀಲಿ ಗುಂಡಿ, ಎರಡು.' ಸತ್ತಾಗ ಗುಂಡಿ ಇತ್ತು. ಗುರುವಾರ ರಾತ್ರಿಯಿಂದಲೇ ಇತ್ತು. ನಿಮ್ಮ ಶುಕ್ರವಾರದ ಮೊಂಡನ ಕಿವೀಲಿ ಮಾತ್ರ ಇಲ್ಲ. ಯಾಕಪ್ಪಾ?"

ನಿರ್ದೇಶಕ ಕೀಲಿಮಣೆಯ ಮೇಲಿನ ಧೂಳು ಒರೆಸಿದ. ಆಮೇಲೆ ಕುರ್ಚಿಯನ್ನು ಅರ್ಧ ಸುತ್ತು ತಿರುಗಿಸಿ, ಶಿಷ್ಯರಿಗೆ ಪಾಠ ಹೇಳುವ ದನಿ ತೆಗೆದ.

"ಅದು ಮಂಗಳವಾರದ ಶಾಟ್. ಒಪ್ಕೋತೀನಿ. ಅವತ್ತೂ ತೂಕ ಇಳಿಸ್ತಿದ್ರು, ಅವತ್ತೂ ಇದೇ ಬೈಗುಳ. ಮಂಗಳವಾರ ಆದದ್ದೇ ಶುಕ್ರವಾರವೂ ಆಗಿರುತ್ತೆ. ಇದನ್ನ ನಾವು ಭಾವನಾತ್ಮಕ ಸತ್ಯ ಅಂತೀವಿ ಸರ್. ನಿಮಗೆ ತಾರೀಕು ಮುಖ್ಯ, ನನಗೆ ಸತ್ಯ ಮುಖ್ಯ."

"ಪೊಲೀಸರು ಈ ತುಣುಕು ಕೇಳಿದಾಗ, ತಾರೀಕು ಬದಲಾಯಿಸಿದ್ದೀನಿ ಅಂತ ಹೇಳಿದ್ರಾ?"

"ಅವರು ಕೇಳ್ಲಿಲ್ಲ. ಶಾಟ್ ತೆಗೆದು ಆಗ್ಲೇ ಹೊರಟ್ವಿ ಅಂದೆ, ನಂಬಿದ್ರು."

"ನಿಮ್ಮ ಭಾವನೆ ನಿಮ್ಮ ಹತ್ರ ಚೆನ್ನಾಗಿರ್ಲಿ. ಅದರ ದೆಸೆಯಿಂದ ಒಬ್ಬ ಮನುಷ್ಯ ಇಷ್ಟು ದಿನದಿಂದ ಸಿಮೆಂಟಿನ ನೆಲದ ಮೇಲೆ ಮಲಗಿದ್ದಾನೆ. 'ಹತ್ತೂಕಾಲಿಗೇ ಕೆಳಗಿನ ಹಾಲ್‌ಗೆ ತೂಕದ ಯಂತ್ರ ನೋಡೋಕೆ ಹೋಗಿದ್ದೆ, ಹನ್ನೊಂದು ಐದಕ್ಕೆ ವಾಪಸ್ ಬಂದು ನೋಡಿದ್ರೆ ಹುಡುಗ ಬಿದ್ದಿದ್ದ' ಅಂತ ಅವನು ಮೊದಲ ದಿನದಿಂದ ಬಡ್ಕೋತಿದ್ದಾನೆ. ಯಾರೂ ನಂಬ್ಲಿಲ್ಲ, ಯಾಕಂದ್ರೆ ನಿಮ್ಮ ಪಿಯಾನೊ ಅವನಿಗಿಂತ ಚೆನ್ನಾಗಿ ಅತ್ತಿತು."

ಅಕ್ಕ ಎದ್ದು ನಿಂತಳು. "ಸಾಕು ಸರ್. ಗುಂಡಿ ಸಾಕು. ಇವರ ಕೈಯಲ್ಲಿ ಇಷ್ಟನ್ನ ಬರೆಸ್ಕೊಂಡು ಸ್ಟೇಷನ್ನಿಗೆ ಹೋಗ್ಬಿಡೋಣ. ನಮ್ಮನೆಯವರು ಹೊರಗೆ ಬಂದ್ರೆ ನನಗೆ ಇನ್ನೇನೂ ಬೇಡ."

"ಕೂತ್ಕೋ ತಾಯಿ. ಇನ್ನೈದು ನಿಮಿಷ."

ಅವಳು ಕೂತಳು, ಕುರ್ಚಿಯ ಅಂಚಿನಲ್ಲಿ.

ಪತ್ತೇದಾರನಿಗೆ ಗುಂಡಿ ಸಾಕಾಗಿರಲಿಲ್ಲ. ಅವನ ಅನುಭವದಲ್ಲಿ, ಸುಳ್ಳು ಹೊತ್ತು ತೋರಿಸುವವನಿಗೆ ನಿಜವಾದ ಹೊತ್ತನ್ನು ಮುಚ್ಚುವ ಅಗತ್ಯ ಇದ್ದೇ ಇರುತ್ತದೆ.

"ಶುಕ್ರವಾರ ಹತ್ತು ನಲವತ್ತಕ್ಕೆ ನೀವು ಎಲ್ಲಿದ್ರಿ?"

"ನಮ್ಮ ತಂಡ ಎಲ್ಲಾ ಹೊರಗೆ ಬೀದೀಲಿತ್ತು. ಜನರ ಶಾಟ್ ತೆಗೀತಿದ್ವಿ. ಆ ರೂಮಿಗೆ ನಾವು ಅವತ್ತು ಕಾಲೇ ಇಟ್ಟಿಲ್ಲ."

ಮೂಲೆಯಲ್ಲಿ ಧ್ವನಿಮುದ್ರಣದವನು ಮೈಕಿನ ತಂತಿ ಸುತ್ತುತ್ತಿದ್ದ. ಸುತ್ತಿ ಮುಗಿಸಿದ್ದನ್ನು ಬಿಚ್ಚಿ ಮತ್ತೆ ಸುತ್ತುವುದು ಇದು ಮೂರನೆಯ ಸಲ. ಅವನು ಮಾತಾಡುವುದು ಕಡಿಮೆ ಎಂದು ನಿರ್ದೇಶಕ ಅವನನ್ನು 'ಮೂಗ' ಎಂದೇ ಕರೆಯುತ್ತಿದ್ದ. ಕರೆಯುವಾಗ ಚಿಟಿಕೆ ಬೇರೆ ಹೊಡೆಯುತ್ತಿದ್ದ.

ಪತ್ತೇದಾರ ಅವನನ್ನು ನೋಡಿಕೊಂಡೇ ನಿರ್ದೇಶಕನಿಗೆ ಹೇಳಿದ: "ಮೊನ್ನೆ ಪತ್ರಕರ್ತರಿಗೆ ನಿಮ್ಮ ಚಿತ್ರ ತೋರಿಸಿದಾಗ ನಾನೂ ಹಿಂದಿನ ಸಾಲಲ್ಲಿ ಕೂತಿದ್ದೆ. ಕೊನೇಲಿ ಮೊಂಡನ ಫೋಟೊ ಬರುತ್ತೆ. ಒಂದು ನಿಮಿಷ ಮೌನ. ಎಲ್ಲರೂ ಎದ್ದು ನಿಂತ್ರು. ಒಂದಿಬ್ಬರು ಮೂಗು ಒರೆಸ್ಕೊಂಡ್ರು."

"ಥ್ಯಾಂಕ್ಯೂ ಸರ್."

"ಹೊಗಳಿಕೆ ಅಲ್ಲ ಅದು. ಆ ಮೌನ ಖಾಲಿ ಇರ್ಲಿಲ್ಲ. ಎಲ್ಲೋ ಫ್ಯಾನ್ ತಿರುಗ್ತಿತ್ತು, ನೀರು ತೊಟ್ಟಿಕ್ತಿತ್ತು. ಎಲ್ಲೀದು ಆ ಮೌನ?"

ನಿರ್ದೇಶಕ ಬಾಯ್ತುಂಬ ನಕ್ಕ. "ಮೌನಕ್ಕೂ ಅಡ್ರೆಸ್ ಇರುತ್ತಾ ಸರ್? ಮೌನ ಅಂದ್ರೆ ಮೌನ."

"ಇರುತ್ತೆ," ಎಂದ ಮೂಲೆಯಲ್ಲಿದ್ದವನು.

ಮೂವರೂ ಅವನ ಕಡೆ ತಿರುಗಿದರು. ತಂತಿ ಅವನ ಕೈಯಿಂದ ಜಾರಿ ನೆಲದ ಮೇಲೆ ಬಿದ್ದಿತ್ತು.

"ಒಂದೊಂದು ರೂಮಿಗೂ ಒಂದೊಂದು ಥರ ಇರುತ್ತೆ," ಎಂದ ಅವನು, ಪತ್ತೇದಾರನಿಗೆ ಮಾತ್ರ ಹೇಳುವ ಹಾಗೆ. "ಮಾತು ರೆಕಾರ್ಡ್ ಮಾಡಿದ ಮೇಲೆ ಅದೇ ರೂಮಲ್ಲಿ ಒಂದು ನಿಮಿಷ ಸುಮ್ಮನೆ ರೆಕಾರ್ಡ್ ಮಾಡ್ತೀವಿ. ಆಮೇಲೆ ಮಾತು ಕತ್ತರಿಸಿ ಜೋಡಿಸ್ತಾರಲ್ಲ, ಆ ಸಂದಿಗೆ ತುಂಬೋಕೆ. ಆ ಒಂದು ನಿಮಿಷ ಯಾರೂ ಮಾತಾಡೋ ಹಾಗಿಲ್ಲ, ಅಲ್ಲಾಡೋ ಹಾಗಿಲ್ಲ. ಅದನ್ನ ಬೇರೆ ಕಡೆ ಇಡ್ತೀನಿ."

"ಏಯ್ ಮೂಗ, ನಿನ್ನ ಕೆಲಸ ನೋಡು."

"ಇದೇ ನನ್ನ ಕೆಲಸ," ಎಂದ ಅವನು.

"ಆ ಕೊನೇ ಮೌನ ಯಾವ ರೂಮಿಂದಪ್ಪಾ?"

"ವಸತಿಗೃಹ, ಮೂರನೇ ಮಹಡಿ. ಮೊಂಡನ ರೂಮು." ಅವನು ಎದ್ದು ಬಂದು, ನಿರ್ದೇಶಕನ ಭುಜದ ಮೇಲಿಂದ ಕೈ ಚಾಚಿ ಒಂದು ಪಟ್ಟಿ ತೆರೆದ. ಉದ್ದಕ್ಕೂ ಮೌನಗಳು, ಒಂದರ ಕೆಳಗೊಂದು, ದಿನ ಮತ್ತು ಹೊತ್ತಿನ ಜೊತೆ. ಕೊನೆಯದರ ಮುಂದೆ ಶುಕ್ರವಾರ, 10.41 ಎಂದಿತ್ತು. "ಅವತ್ತು ಆ ರೂಮಲ್ಲಿ ತೆಗೆದ ಚಿತ್ರ, ಮಾತು ಎಲ್ಲಾ ಇವರು ಅಳಿಸಿದ್ರು. ಇದು ಉಳೀತು."

ಪತ್ತೇದಾರನಿಗೆ ಒಂದು ಕ್ಷಣ ನಗು ಬಂತು. ಶುಕ್ರವಾರ ಆ ಕೋಣೆಯಲ್ಲಿ ತೆಗೆದ ಚಿತ್ರವನ್ನೂ ಮಾತನ್ನೂ ಈ ಮಹಾಶಯ ಒಂದು ಚೂರೂ ಬಿಡದೆ ಅಳಿಸಿದ್ದ. ಮೌನವನ್ನು ಅಳಿಸಬೇಕು ಎಂದು ಮಾತ್ರ ತೋಚಿರಲಿಲ್ಲ, ಅದರಲ್ಲಿ ಏನೂ ಇಲ್ಲವಲ್ಲ. ಸಾಲದ್ದಕ್ಕೆ ಚಿತ್ರದ ಕೊನೆಗೆ ಒಂದು ನಿಮಿಷ ಬೇಕಾದಾಗ ಪಟ್ಟಿಯ ತುದಿಯಲ್ಲಿ ಕೈಗೆ ಸಿಕ್ಕಿದ್ದನ್ನೇ ಎತ್ತಿ ಅಂಟಿಸಿದ್ದ. ಸತ್ತವನ ಸಾವಿನ ಹೊತ್ತನ್ನೇ ಸತ್ತವನ ಶ್ರದ್ಧಾಂಜಲಿಗೆ ಹಾಕಿದ್ದ.

"ಹಾಕು. ದನಿ ಎಷ್ಟು ಏರುತ್ತೋ ಅಷ್ಟೂ ಏರಿಸು."

ಮೊದಲು ಫ್ಯಾನಿನ ಸದ್ದು, ದೂರದಲ್ಲಿ ಲಿಫ್ಟು. ತೊಟ್ಟಿಗೆ ನೀರು ತೊಟ್ಟಿಕ್ಕುವ ಸದ್ದು. ಯಾರದೋ ಮೂಗಿನ ಉಸಿರು.

ಆಮೇಲೆ ಟಪ್, ಟಪ್, ಟಪ್.

ಒದ್ದೆ ಅಂಗೈ ಮರದ ಮೇಲೆ ಬಿದ್ದ ಸದ್ದು. ಸ್ವಲ್ಪ ಬಿಟ್ಟು ಮತ್ತೆ ಮೂರು. ಹತ್ತು ಸೆಕೆಂಡು ಕಳೆದ ಮೇಲೆ ಮತ್ತೆ ಮೂರು, ಮೊದಲಿಗಿಂತ ಕೆಳಗಿನಿಂದ, ಕೂತವನು ಮಲಗಿದ ಹಾಗೆ. ನಾಲ್ಕನೆಯ ಸಲ ಎರಡೇ ಕೇಳಿಸಿತು. ನಿಮಿಷ ಮುಗಿಯಿತು.

"ಅದು ನೀರಿನ ಪೈಪು," ಎಂದ ನಿರ್ದೇಶಕ.

"ನಾನು ಹೆಡ್‌ಫೋನಲ್ಲಿ ಕೇಳಿ ಕೈ ಎತ್ತಿದೆ," ಎಂದ ಧ್ವನಿಯವನು. "ಇವರು ತುಟಿ ಮೇಲೆ ಬೆರಳಿಟ್ರು. ನಿಮಿಷ ಮುಗೀಲಿ ಅಂತ. ಮುಗಿದ ತಕ್ಷಣ, ತೂಕ ಹಾಕೋ ಹಾಲಿಗೆ ಲೇಟಾಯ್ತು ಅಂತ ಎಲ್ಲರನ್ನೂ ಎಬ್ಬಿಸ್ಕೊಂಡು ಹೋದ್ರು. ನಾನೂ ಹೋದೆ."

ಹದಿನಾಲ್ಕು ಕಾಳಗಗಳಲ್ಲಿ ತಟ್ಟದವನು ಕೊನೆಗೂ ತಟ್ಟಿದ್ದ. 'ಸೋತೆ, ಬಿಡಿ' ಎಂದು ಒಂದೇ ನಿಮಿಷದಲ್ಲಿ ನಾಲ್ಕು ಸಲ ಕೇಳಿದ್ದ. ಬಾಗಿಲ ಈಚೆಗೆ ಒಂದು ತಂಡ ಉಸಿರು ಬಿಗಿಹಿಡಿದು, ಮೈಕು ಹಿಡಿದು, ಅದನ್ನು ಬಹಳ ಚೆನ್ನಾಗಿ ಮುದ್ರಿಸಿಕೊಂಡಿತ್ತು.

"ನೋಡಿ ಸರ್," ನಿರ್ದೇಶಕ ಎರಡೂ ಕೈ ಎತ್ತಿದ. "ನಮ್ಮ ಕೆಲಸದಲ್ಲಿ ಒಂದು ನೀತಿ ಇದೆ. ನಾವು ನೋಡ್ತೀವಿ, ಮಧ್ಯೆ ಕೈ ಹಾಕಲ್ಲ."

"ಹೌದಾ? ಮಂಗಳವಾರ ಎತ್ತಿ ಶುಕ್ರವಾರಕ್ಕೆ ಇಡುವಾಗ ಎಲ್ಲಿ ಹೋಗಿತ್ತು ಆ ಕೈ?" ಪತ್ತೇದಾರನ ದನಿ ಏರಲಿಲ್ಲ. "ನಾನು ಹೆಣದ ಜೇಬಿಗೆ ಕೈ ಹಾಕಿದವರನ್ನ ನೋಡಿದ್ದೀನಿ ಕಣಯ್ಯಾ. ಅವರು ಕಳ್ಳರು ಅಂತ ಅವರಿಗೆ ಗೊತ್ತಿರ್ತಿತ್ತು. ನೀನು ಅಷ್ಟಕ್ಕೂ ಲಾಯಕ್ಕಿಲ್ಲ. ಇವತ್ತು ಸಂಜೆ ಕೋಟು ಹಾಕ್ಕೊಂಡು, ಆ ಹುಡುಗ ಬಾಗಿಲು ತಟ್ಟೋದಕ್ಕೆ ಐನೂರು ಜನರನ್ನ ಎದ್ದು ನಿಲ್ಲಿಸೋನಿದ್ದೆ."

"ಸರ್," ಅಕ್ಕ ಮತ್ತೆ ಎದ್ದಿದ್ದಳು. "ಹೋಗೋಣ. ತಡ ಆದ್ರೆ ಸ್ಟೇಷನ್ನಲ್ಲಿ ಸಾಹೇಬ್ರು ಸಿಗಲ್ಲ."

ತಮ್ಮನ ಕೈಸದ್ದು ಕೇಳಿದ ಮೇಲೂ ಅವಳ ಮುಖ ಹಾಗೆಯೇ ಇತ್ತು. ಎಷ್ಟು ಗಟ್ಟಿ ಹೆಂಗಸು, ಎಂದುಕೊಂಡ ಪತ್ತೇದಾರ. ಮಾರನೆಯ ದಿನವೆಲ್ಲ ಅವನು ತನ್ನನ್ನು ತಾನೇ ಬೈದುಕೊಂಡದ್ದು ಈ ಒಂದು ಮೆಚ್ಚುಗೆಗಾಗಿ. ಆಗ ಮಾತ್ರ ಅವನ ತಲೆ ಬೇರೆಲ್ಲೋ ಇತ್ತು.

"ಒಂದೇ ಪ್ರಶ್ನೆ," ಎಂದ ಧ್ವನಿಯವನಿಗೆ. "ಮಾತು ರೆಕಾರ್ಡ್ ಆದ ಮೇಲೆ ಒಂದು ನಿಮಿಷ ಅಂದೆ. ಅವತ್ತು ಆ ರೂಮಲ್ಲಿ ಕೂತು ಮಾತಾಡ್ತಿದ್ದವರು ಯಾರು?"

ಧ್ವನಿಯವನು ಪಟ್ಟಿಯ ಇನ್ನೊಂದು ಸಾಲಿಗೆ ಬೆರಳು ತಂದ. ನಿರ್ದೇಶಕನ ಮುಖದಲ್ಲಿ ಮಾತ್ರ, ಇಷ್ಟು ಹೊತ್ತಿನ ಮೇಲೆ, ಒಂದು ಕಳ್ಳ ನಗು ಮೂಡಿತು.

"ಹೇಳೋ ಮೂಗ," ಎಂದ ಅವನು. "ಈಗ ಮಾತು ಬಂದಿದೆಯಲ್ಲ, ಹೇಳು."

"ಹೇಳೋದು ಬೇಡ," ಎಂದ ಧ್ವನಿಯವನು ಮೆಲ್ಲಗೆ. "ಮಾತಾಡಿದವರ ಕಾಲರಿಗೆ ಹಾಕಿದ್ದ ಮೈಕು ಆಫ್ ಮಾಡಿರ್ಲಿಲ್ಲ. ಅದರದ್ದೂ ಇದೆ. ಕೇಳಿ."

ಅದೇ ನಿಮಿಷ, ಇನ್ನೊಂದು ಮೈಕಿನಿಂದ. ಫ್ಯಾನು ದೂರ ಸರಿದಿತ್ತು. ಉಸಿರು ಹತ್ತಿರವಿತ್ತು, ಏರಿಳಿಯುತ್ತಿತ್ತು. ಬಾಗಿಲ ಮೇಲಿನ ಮೂರು ತಟ್ಟು ಆಳದಿಂದ ಬಂದವು. ಆಗ ಉಸಿರು ತಟಕ್ಕನೆ ನಿಂತಿತು, ಕೇಳಿಸಿಕೊಂಡವರ ಉಸಿರು ನಿಲ್ಲುವ ಹಾಗೆ. ಇಷ್ಟೆಲ್ಲದರ ಮೇಲೆ, ಮೈಕಿಗೆ ಅಂಟಿಕೊಂಡ ಹಾಗೆ, ಮೊದಲಿನಿಂದ ಕೊನೆಯವರೆಗೂ ಒಂದು ಸಣ್ಣ ಸದ್ದು ಬಿಡದೆ ನಡೆಯುತ್ತಿತ್ತು.

ಟಿಕ್ ಟಿಕ್ ಟಿಕ್ ಟಿಕ್.

ಧ್ವನಿಯವನು ನಿಲ್ಲಿಸಿದ. ಸಂಕಲನದ ಕೋಣೆ, ಸದ್ದು ಒಳಗೆ ಬಾರದ ಹಾಗೆ ಗೋಡೆಗೆಲ್ಲ ಮೆತ್ತೆ ಹೊದಿಸಿದ ಕೋಣೆ, ನಿಶ್ಶಬ್ದವಾಯಿತು.

ಟಿಕ್ ಟಿಕ್ ನಿಲ್ಲಲಿಲ್ಲ.

ಪತ್ತೇದಾರ ನಿಧಾನವಾಗಿ ಪಕ್ಕಕ್ಕೆ ತಿರುಗಿದ. ಅಕ್ಕ ಎದೆಯ ಮೇಲಿನ ಗಡಿಯಾರವನ್ನು ಅಂಗೈಯಲ್ಲಿ ಮುಚ್ಚಿಕೊಂಡಿದ್ದಳು.

"ಆ ಹೊತ್ತಿಗೆ ವಾರ್ಡಿನಲ್ಲಿ ಡ್ಯೂಟೀಲಿದ್ದೆ, ಫೋನಲ್ಲಿ ಸುದ್ದಿ ಬಂತು ಅಂದಿದ್ದೆಯಲ್ಲಮ್ಮಾ ನೀನು," ಎಂದ ಅವನು.

"ಅಕ್ಕ ಏನು ಹೇಳ್ತಿದ್ರು ಗೊತ್ತಾ ಸರ್?" ನಿರ್ದೇಶಕ ಕುರ್ಚಿಗೆ ಒರಗಿ ಕಾಲ ಮೇಲೆ ಕಾಲು ಹಾಕಿದ. "'ನನ್ನ ತಮ್ಮ ಸತ್ತರೂ ತಟ್ಟಲ್ಲ' ಅಂತ. ಅದಾದ ಮೇಲಿನ ನಿಮಿಷ ಅದು. ನಾವಿಬ್ಬರೂ ಸುಮ್ಮನಿದ್ವಿ. ಅಲ್ವೇನಕ್ಕಾ? ನಾನೊಬ್ಬನೇ ಕೆಟ್ಟವನಾ?"

ಅಕ್ಕ ಅವನ ಕಡೆ ನೋಡಲಿಲ್ಲ. ಪತ್ತೇದಾರನ ಎರಡೂ ಕೈ ಹಿಡಿದುಕೊಂಡಳು. ಮೊದಲ ಸಲ ಮುಖ ಒಡೆದು ಅಳು ಬಂದಿತ್ತು.

"ಕೇಳಿಸ್ತು ಸರ್. ಮೊದಲನೇ ತಟ್ಟಿಗೇ ಕೇಳಿಸ್ತು. ನನ್ನ ಮೊಂಡ ತಟ್ಟೋನಲ್ಲ ಅಂತ ನನಗೆ ನಾನೇ ಹೇಳ್ಕೊಂಡೆ. ಆ ಪಾಪ ನನ್ನದೇ, ಅನುಭವಿಸ್ತೀನಿ. ಆದ್ರೆ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿದ್ದು ನಾನಲ್ಲ."

ಪತ್ತೇದಾರ ಕೈ ಬಿಡಿಸಿಕೊಂಡ. ಇಷ್ಟು ದಿನ ಅವನು ಪೊಲೀಸರ ವರದಿಯನ್ನು ಬಾಯಿಪಾಠ ಮಾಡಿದ್ದ. ಬಚ್ಚಲ ಬಾಗಿಲು ಸುಮ್ಮನೆ ಮುಂದಕ್ಕೆ ಎಳೆದಿತ್ತು ಎಂದು ಅದರಲ್ಲಿತ್ತು. ಮೊಂಡನಿಗೆ ಎದ್ದು ಬರಲು ಶಕ್ತಿ ಇರಲಿಲ್ಲ ಎಂದೇ ಅವನೂ ತಿಳಿದಿದ್ದ. ಚಿಲಕದ ಮಾತನ್ನು ಇದುವರೆಗೆ ಯಾರೂ ಎತ್ತಿರಲಿಲ್ಲ. ಅದು ಗೊತ್ತಿರಬೇಕಾದದ್ದು ಹಾಕಿದವರಿಗೆ, ಇಲ್ಲವೇ ತೆಗೆದವರಿಗೆ ಮಾತ್ರ.

ನಿರ್ದೇಶಕನ ಕಾಲು ಕಾಲ ಮೇಲಿಂದ ಇಳಿದಿತ್ತು, ನಗು ಆರಿಹೋಗಿತ್ತು.

"ಯಾವ ಚಿಲಕ ಅಕ್ಕಾ?" ಎಂದು ಕೇಳಿದ್ದು ಪತ್ತೇದಾರನಲ್ಲ, ನಿರ್ದೇಶಕ.